ನೀರಿಗೆ ಹಾಕಿದ ಹೆಪ್ಪು: ಡೊಂಬಿವಲಿಯ ಒಂದು ಪ್ರಕರಣ

“ಈಕಿಗೆ ಕನ್ನಡ ಬರೂದಿಲ್ರಿ. ನಿಮಗ ಬರ್ತದ. ಇವತ್ತ ಎಲ್ಲಾ ಹೇಳೇಬಿಡ್ತೀನಿ ಬಾಯಾರ” ಎಂದರು ಕಾಕು, ಪಕ್ಕದ ಕುರ್ಚಿಯಲ್ಲಿದ್ದ ಸೊಸೆಯತ್ತ ಕಣ್ಣು ಹೊರಳಿಸಿ. ಸೊಸೆ ಸಾತಾರಾ ಕಡೆಯ ಹುಡುಗಿ. ಅತ್ತೆಯ ಫೈಲನ್ನು ಮಡಿಲಲ್ಲಿಟ್ಟುಕೊಂಡು ನಗುಮುಖದಿಂದ ಕುಳಿತಿದ್ದಳು. ಮನೆಯಲ್ಲಿ ಅವರಿಬ್ಬರ ಮಾತು ಮರಾಠಿಯಲ್ಲಿ. ರೋಗಿಯ ಜೊತೆಗೆ ಬಂದವರನ್ನು ವೈದ್ಯೆಯಾದ ನಾನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳುವುದು ವಾಡಿಕೆ. ಅಂದು ಹೇಳುವ ಮೊದಲೇ ಕಾಕು ಶುರು ಮಾಡಿಬಿಟ್ಟಿದ್ದರು. ಕನ್ನಡವೇ ಪರದೆಯಾಯಿತು.

ಕಾಕುಗೆ 63 ವರ್ಷ. ಧಾರವಾಡ ಜಿಲ್ಲೆಯ ಹಳ್ಳಿಯಿಂದ ಮದುವೆಯಾಗಿ ಮುಂಬೈಗೆ ಬಂದು ನಾಲ್ಕು ದಶಕ ದಾಟಿದೆ. ಗಂಡ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರು. ಎರಡು ಹೆರಿಗೆ, ಎರಡೂ ಸಹಜ. ಮುಟ್ಟು ನಿಂತದ್ದು 47ಕ್ಕೆ. ಸಕ್ಕರೆ ಕಾಯಿಲೆ 11 ವರ್ಷದಿಂದ ಇದೆ, ಮೆಟ್‌ಫಾರ್ಮಿನ್ ನಡೆದಿದೆ. ಹೆಸರು ಬೇಡವೆಂದು ಅವರೇ ಹೇಳಿದ್ದರಿಂದ ಕಟ್ಟಡದವರೆಲ್ಲ ಕರೆಯುವಂತೆ ಕಾಕು ಎಂದೇ ಬರೆಯುತ್ತೇನೆ. ಗುರುತು ಹತ್ತುವ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಒಪ್ಪಿದ್ದಷ್ಟೇ ಅಲ್ಲ, “ನಮ್ಮ ಭಜನಿ ಮಂಡಳದ ಹೆಂಗಸರಿಗೆ ತಿಳಿಯೂಹಂಗ ಬರೀರಿ” ಎಂದು ತಾಕೀತೂ ಮಾಡಿದ್ದಾರೆ.

ತೊಂದರೆ ಒಂದೂವರೆ ವರ್ಷದ್ದು. ಕೆಳಗೆ ಉರಿ, ಒಣಗಿ ಬಿಗಿದಂತೆ ಎಳೆತ, ರಾತ್ರಿ ತುರಿಕೆ. ಒಂದಕ್ಕೆ ಹೋಗಬೇಕು ಅನ್ನಿಸಿದರೆ ತಡೆಯುವ ಮಾತೇ ಇಲ್ಲ. ಮಾಟುಂಗಾದ ತಂಗಿಯ ಮನೆಗೆ ಹೋಗುವ ದಿನ ಬೆಳಿಗ್ಗೆಯಿಂದ ಹನಿ ನೀರು ಮುಟ್ಟುತ್ತಿರಲಿಲ್ಲವಂತೆ. ಲೋಕಲ್ ಗಾಡಿಯಲ್ಲಿ ಶೌಚಾಲಯ ಇರುವುದಿಲ್ಲ, ಡೊಂಬಿವಲಿಯಿಂದ ಅಲ್ಲಿಗೆ ಹತ್ತಿರ ಹತ್ತಿರ ಒಂದು ತಾಸು. ಆಮೇಲೆ ಹೋಗುವುದನ್ನೇ ಬಿಟ್ಟರು. ಗುರುವಾರದ ಭಜನೆಗೂ ಹೋಗುತ್ತಿರಲಿಲ್ಲ. ನೆಲದ ಮೇಲೆ ಒಂದು ಗಂಟೆ ಚಕ್ಕಳಮಕ್ಕಳ ಹಾಕಿ ಕೂತರೆ ಎದ್ದ ಮೇಲೆ ಉರಿ ಹೆಚ್ಚುತ್ತಿತ್ತು.

ಫೈಲಿನೊಳಗೆ ಇದ್ದದ್ದು

ಫೈಲು ದಪ್ಪಗಿತ್ತು. ಮೇಲಿನ ಹಾಳೆಗಳಲ್ಲಿ ಮೂರು ತಿಂಗಳು ಆ್ಯಸಿಡಿಟಿ ಮಾತ್ರೆ ಬರೆದದ್ದು ಕಂಡು ನನಗೆ ಅರ್ಥವಾಗಲಿಲ್ಲ. ಕೇಳಿದೆ. ಮೊದಲ ಸಲ ಮಗನ ಜೊತೆ ಹತ್ತಿರದ ಡಾಕ್ಟರರ ಬಳಿ ಹೋಗಿದ್ದರು. ಮಗನೆದುರಿಗೆ ಜಾಗದ ಹೆಸರು ಹೇಳಲು ಬಾಯಿ ಬರಲಿಲ್ಲ. ಮರಾಠಿಯಲ್ಲಿ “ಜಳಜಳ ಹೋತೆ” ಎಂದಷ್ಟೇ ಹೇಳಿ ಸೆರಗು ಸರಿಮಾಡಿಕೊಂಡರು. ಮರಾಠಿಯಲ್ಲಿ ಜಳಜಳ ಅಂದರೆ ಉರಿ, ಆದರೆ ಜಾಗ ಹೇಳದಿದ್ದರೆ ಕೇಳಿದವರ ಮನಸ್ಸಿಗೆ ಮೊದಲು ಬರುವುದು ಪಿತ್ತದ ಎದೆಯುರಿ. ಡಾಕ್ಟರು ಎಲ್ಲಿ ಎಂದು ಕೇಳಲಿಲ್ಲ, ಇವರು ಹೇಳಲಿಲ್ಲ. ಖಾರ ಬಿಡಿ ಎಂಬ ಪಥ್ಯದ ಜೊತೆ ಮಾತ್ರೆ ಬಂತು. “ಮೂರು ತಿಂಗಳು ಸಪ್ಪನ ಊಟ ಮಾಡಿದ್ನಿರಿ” ಎಂದು ಕಾಕು ನಕ್ಕರು. ನನಗೆ ನಗು ಬರಲಿಲ್ಲ. ನಾನೂ ಎಷ್ಟೋ ಸಲ ಹೀಗೆ ‘ಎಲ್ಲಿ’ ಎಂದು ಕೇಳುವುದನ್ನು ಮರೆತಿರಬಹುದು.

ಆಮೇಲಿನದು ಮೂತ್ರದ ಸೋಂಕಿನ ಕಥೆ. ಒಂದು ವರ್ಷದಲ್ಲಿ ನಾಲ್ಕು ಸಲ ‘ಯೂರಿನ್ ಇನ್ಫೆಕ್ಷನ್’ ಎಂದು ಬರೆದು ಆ್ಯಂಟಿಬಯಾಟಿಕ್ ಕೊಟ್ಟಿದ್ದರು. ಕೂತು ಒಂದೊಂದೇ ಬಿಡಿಸಿ ನೋಡಿದೆ. ಎರಡು ಸಲ ಜ್ವರ, ಹೊಟ್ಟೆಯ ಕೆಳಗೆ ನೋವು ಇತ್ತು, ಕಲ್ಚರಿನಲ್ಲಿ, ಅಂದರೆ ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಬೆಳೆದಿತ್ತು, ಎರಡಕ್ಕೂ ಐದು ತಿಂಗಳ ಅಂತರ. ಇವು ನಿಜವಾದ ಸೋಂಕು. ಮೂರನೆಯದು, ಚಿಕಿತ್ಸೆ ಮುಗಿದ ಮೇಲೆ ‘ಹೋಯಿತೋ ಇಲ್ಲವೋ’ ನೋಡಲು ಮಾಡಿಸಿದ ಕಲ್ಚರು. ಏನೂ ತೊಂದರೆ ಇರಲಿಲ್ಲ, ಬ್ಯಾಕ್ಟೀರಿಯಾ ಕಂಡಿತೆಂದು ಮತ್ತೆ ಔಷಧಿ. ವಯಸ್ಸಾದ ಹೆಂಗಸರ ಮೂತ್ರದಲ್ಲಿ ತೊಂದರೆಯಿಲ್ಲದೆಯೂ ಬ್ಯಾಕ್ಟೀರಿಯಾ ಇರುವುದುಂಟು, ಅದಕ್ಕೆ ಔಷಧಿ ಕೊಡಬಾರದು ಎನ್ನುವುದು ಹಳೆಯ ಪಾಠ, ದಿನವೂ ಮರೆಯುವ ಪಾಠ. ನಾಲ್ಕನೆಯ ಸಲ ಯಾವ ಪರೀಕ್ಷೆಯೂ ಇಲ್ಲ, ಉರಿ ಅಂದದ್ದಕ್ಕೆ ಮಾತ್ರೆ.

ಆ ನಾಲ್ಕನೆಯದರ ಬಗ್ಗೆ ಒಂದು ಪ್ರಶ್ನೆ ಕೇಳಿದೆ: “ಒಂದಕ್ಕ ಹೋಗೂವಾಗ ಒಳಗಿಂದ ಉರಿತಿತ್ತೋ, ನೀರು ತಾಗಿದ ಮ್ಯಾಲೆ ಹೊರಗ ಚುರು ಅಂತಿತ್ತೋ?” ಕಾಕು ಯೋಚಿಸಲೂ ಇಲ್ಲ. “ತಾಗಿದ ಮ್ಯಾಲೆ. ಗಾಯಕ್ಕ ಉಪ್ಪು ಹಚ್ಚಿಧಂಗ.” ಒಳಗಿನ ಉರಿ ಮೂತ್ರಕೋಶದ ಕಡೆ ಬೆರಳು ತೋರಿಸುತ್ತದೆ, ಹೊರಗಿನ ಉರಿ ಚರ್ಮದ ಕಡೆ. ಈ ಒಂದು ಪ್ರಶ್ನೆಗೆ ಖರ್ಚಿಲ್ಲ.

ಫೈಲಿನ ಕೊನೆಯಲ್ಲಿ ಪ್ರೊಬಯಾಟಿಕ್ ಮಾತ್ರೆಯ ಖಾಲಿ ಸ್ಟ್ರಿಪ್ಪು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಟ್ಟಿತ್ತು. ಪುಣೆಯಲ್ಲಿ ಐಟಿ ಕೆಲಸದಲ್ಲಿರುವ ಮಗಳು ಎಂಟು ತಿಂಗಳಿಂದ ತಪ್ಪದೆ ಕಳಿಸುತ್ತಿದ್ದಳು. ಓದಿದ ಹುಡುಗಿ, ಯೋನಿಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರಬೇಕು, ಆ್ಯಂಟಿಬಯಾಟಿಕ್‌ನಿಂದ ಅವು ಸಾಯುತ್ತವೆ, ತುಂಬಿಕೊಡಬೇಕು ಎಂದು ತಾಯಿಗೆ ಫೋನಿನಲ್ಲೇ ತಿಳಿಸಿದ್ದಳು. ತರ್ಕ ತಪ್ಪಲ್ಲ. ಆದರೆ ಸ್ಟ್ರಿಪ್ಪಿನ ಮೇಲಿದ್ದದ್ದು ಭೇದಿಗೆ, ಆ್ಯಂಟಿಬಯಾಟಿಕ್ ಜೊತೆಗೆ ಕೊಡುವ, ಕರುಳಿಗಾಗಿ ಮಾಡಿದ ಮಿಶ್ರಣ: ಲ್ಯಾಕ್ಟೊಬ್ಯಾಸಿಲಸ್ ಅಸಿಡೊಫಿಲಸ್, ಬಿಫಿಡೊಬ್ಯಾಕ್ಟೀರಿಯಂ, ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬ ಯೀಸ್ಟು. 25 ಡಿಗ್ರಿಗಿಂತ ಕೆಳಗೆ ಇಡಿ ಎಂದೂ ಬರೆದಿತ್ತು. “ಎಲ್ಲಿ ಇಡ್ತಿದ್ರಿ?” “ಗ್ಯಾಸಿನ ಮ್ಯಾಲಿನ ಕಪಾಟಿನಾಗ, ಮರೀಬಾರದಂತ.” ಮೇ ತಿಂಗಳ ಡೊಂಬಿವಲಿಯಲ್ಲಿ, ಒಲೆಯ ಮೇಲಿನ ಕಪಾಟಿನಲ್ಲಿ. ಪ್ರೊಬಯಾಟಿಕ್ ಅನ್ನಿಸಿಕೊಳ್ಳಲು ಜೀವಾಣು ಜೀವಂತ ಇರಬೇಕು, ಸಾಕಷ್ಟು ಸಂಖ್ಯೆಯಲ್ಲಿರಬೇಕು, ಅದರಿಂದ ಆರೋಗ್ಯಕ್ಕೆ ಲಾಭವಾಗಬೇಕು ಎಂದು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ 2001ರಲ್ಲಿ ವ್ಯಾಖ್ಯೆ ಮಾಡಿವೆ. ಕಾಕು ನುಂಗಿದ್ದರಲ್ಲಿ ಎಷ್ಟು ಜೀವಂತ ಇದ್ದವೋ.

ಇನ್ನೂ ಒಂದಿತ್ತು. ಅದನ್ನು ಹೇಳುವಾಗ ಕನ್ನಡದಲ್ಲೂ ದನಿ ಇಳಿಯಿತು. ಯಾವುದೋ ವಿಡಿಯೊ ನೋಡಿ ಹತ್ತಿಯನ್ನು ಮನೆಯ ಮೊಸರಿನಲ್ಲಿ ಅದ್ದಿ ಒಳಗಿಟ್ಟುಕೊಂಡಿದ್ದರು, ನಾಲ್ಕು ದಿನ. ಮೊದಲು ತಂಪಾಯಿತು, ಮೂರನೆಯ ದಿನ ವಾಸನೆ ಬಂತು. ವಾಸನೆ ಹೋಗಲೆಂದು ಬೆಳಿಗ್ಗೆ ಸಂಜೆ ಚೊಂಬಿನ ನೀರಿಗೆ ಕ್ರಿಮಿನಾಶಕ ದ್ರವ ಹಾಕಿ ತೊಳೆಯಲು ಶುರುಮಾಡಿದರು, ಅದು ಇಂದಿಗೂ ನಡೆದಿತ್ತು. ಒಂದು ಕೈಯಿಂದ ಬ್ಯಾಕ್ಟೀರಿಯಾ ಬಿತ್ತುವುದು, ಇನ್ನೊಂದು ಕೈಯಿಂದ ಕೊಲ್ಲುವುದು. ನಾನು ಬೈಯಲಿಲ್ಲ. ಬೈಸಿಕೊಂಡವರು ಮುಂದಿನ ಸಲ ಹೇಳುವುದಿಲ್ಲ.

ಎದ್ದು ಪರೀಕ್ಷೆಯ ಮಂಚದತ್ತ ಹೋಗುವಾಗ ಬಾಗಿಲ ಪರದೆ ಹಿಡಿದುಕೊಂಡು, “ಹೋದ ತಿಂಗಳ ಒಂದ್ಸಲ ಚೂರು ಕೆಂಪು ಕಂಡಿತ್ರಿ, ಅದೇನು ದೊಡ್ಡದಲ್ಲ” ಎಂದರು. ದೊಡ್ಡದೇ. ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ಗರ್ಭಕೋಶದ ಕ್ಯಾನ್ಸರ್ ಅಲ್ಲವೆಂದು ಖಚಿತ ಮಾಡಿಕೊಳ್ಳದೆ ಮುಂದಿನ ಮಾತಿಲ್ಲ.

ಹಸಿರು ಪಟ್ಟಿ

ಎಲ್ಲಕ್ಕಿಂತ ಚಿಕ್ಕ ಉಪಕರಣ ತೆಗೆದುಕೊಂಡೆ, ಆದರೂ ನೋವಾಯಿತು. ಯೋನಿಯ ಗೋಡೆ ಬಿಳಚಿ, ತೆಳುವಾಗಿ, ಮಡಿಕೆಗಳೆಲ್ಲ ಮಾಯವಾಗಿ ನುಣ್ಣಗಿತ್ತು. ಅಲ್ಲಲ್ಲಿ ಸೂಜಿ ಚುಚ್ಚಿದಂತೆ ಕೆಂಪು ಚುಕ್ಕಿ, ಮುಟ್ಟಿದರೆ ರಕ್ತ ಜಿನುಗುವಂಥವು. ಬಿಳಿಸೆರಗು ಇರಲಿಲ್ಲ. ಬದಿಯ ಗೋಡೆಗೆ ಹುಳಿ ಎಷ್ಟೆಂದು ತೋರಿಸುವ ಪಿಎಚ್ ಪಟ್ಟಿ ತಾಗಿಸಿದೆ; ಹುಳಿ ಕಡಿಮೆಯಾದಷ್ಟೂ ಅಂಕಿ ಏರುತ್ತದೆ. ಹಳದಿ ಕಾಗದ ನೋಡನೋಡುತ್ತಲೇ ಹಸಿರಾಯಿತು, 6.5ರ ಹತ್ತಿರ. ಗಾಜಿನ ಮೇಲೆ ಒಂದು ಹನಿ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ದುಂಡಗಿನ, ದೊಡ್ಡ ಬೀಜದ ಎಳೆಯ ಜೀವಕೋಶಗಳು, ಕೆಲವು ಬಿಳಿ ರಕ್ತಕಣ. ಶಿಲೀಂಧ್ರದ ಎಳೆ ಇಲ್ಲ. ಯೋನಿಯಲ್ಲಿ ಬೇಡದ ಬ್ಯಾಕ್ಟೀರಿಯಾ ಹೆಚ್ಚುವ ತೊಂದರೆಯಾದ ಬ್ಯಾಕ್ಟೀರಿಯಲ್ ವಜೈನೋಸಿಸ್‌ನ ಗುರುತಾದ, ಅಂಚು ಮಸುಕಾದ ಜೀವಕೋಶಗಳೂ ಇಲ್ಲ. ಉದ್ದನೆಯ ಕಡ್ಡಿಯಂಥ ಲ್ಯಾಕ್ಟೊಬ್ಯಾಸಿಲಸ್ ಹುಡುಕಿದೆ, ಒಂದೂ ಸಿಗಲಿಲ್ಲ.

ಸ್ಕ್ಯಾನ್ ಮಾಡಿಸಿದೆವು. ಗರ್ಭಕೋಶದ ಒಳಪದರ 3 ಮಿ.ಮೀ., ಆತಂಕಕ್ಕೆ ಕಾರಣವಿಲ್ಲ. ಕೆಂಪು ಕಂಡದ್ದು ಆ ಚುಕ್ಕಿಗಳಿಂದಲೇ ಇರಬೇಕು. ಗರ್ಭಕೊರಳಿನ ಪರೀಕ್ಷೆ ಜನ್ಮದಲ್ಲಿ ಒಮ್ಮೆಯೂ ಆಗಿರಲಿಲ್ಲ; ಇಷ್ಟು ಒಣಗಿದ ಜಾಗದಿಂದ ತೆಗೆದ ಸ್ಮಿಯರ್ ಗೊಂದಲವೇ ಕೊಡುತ್ತದೆಂದು ಕೆಲವು ವಾರ ಮುಂದೂಡಿದೆ. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ಅಳತೆ, 8.2. ಸಕ್ಕರೆಯ ಡಾಕ್ಟರು ಡಾಪಾಗ್ಲಿಫ್ಲೋಜಿನ್ ಸೇರಿಸುವ ಯೋಚನೆಯಲ್ಲಿದ್ದರು. ಒಳ್ಳೆಯ ಔಷಧಿಯೇ, ಆದರೆ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಆ ಜಾಗದಲ್ಲಿ ಶಿಲೀಂಧ್ರದ ಸೋಂಕು ಹೆಚ್ಚಿಸುತ್ತದೆ. ನಾಲ್ಕು ತಿಂಗಳು ತಡೆಯಿರಿ, ಬೇರೆ ಮಾತ್ರೆಯಿಂದ ಸಂಭಾಳಿಸಿ ಎಂದು ಚೀಟಿ ಬರೆದೆ. ಒಪ್ಪಿದರು.

ಕಾಕುವಿನ ಈ ತೊಂದರೆಗೆ ವೈದ್ಯರ ಭಾಷೆಯಲ್ಲಿ 2014ರಿಂದ ಜೆನಿಟೋಯೂರಿನರಿ ಸಿಂಡ್ರೋಮ್ ಆಫ್ ಮೆನೋಪಾಸ್ ಎಂದು ಹೆಸರು, ಅಂದರೆ ಮುಟ್ಟು ನಿಂತ ಮೇಲೆ ಜನನಾಂಗಕ್ಕೂ ಮೂತ್ರಕ್ಕೂ ಬರುವ ತೊಂದರೆಗಳ ಗುಂಪು. ಹಿಂದೆ ‘ಯೋನಿ ಸವಕಲು’ ಎಂಬರ್ಥದ ಮಾತಿತ್ತು. ಮೂತ್ರದ ತೊಂದರೆಯೂ ಇದರದೇ ಭಾಗ ಎಂದು ಕಾಣಿಸಲೆಂದು ಹೆಸರು ಬದಲಾಯಿಸಿದರು.

ಪಟ್ಟಿಯನ್ನು ಕಾಕುಗೆ ತೋರಿಸಿ ವಿವರಿಸಲು ಕೂತೆ. ಮುಟ್ಟಾಗುವ ವಯಸ್ಸಿನ ಹೆಂಗಸಿನಲ್ಲಿ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಸಾಕಷ್ಟು ಇರುವುದರಿಂದ ಯೋನಿಯ ಗೋಡೆ ದಪ್ಪಗಿರುತ್ತದೆ, ಅದರ ಜೀವಕೋಶಗಳಲ್ಲಿ ಗ್ಲೈಕೊಜೆನ್ ಎಂಬ ಪಿಷ್ಟದಂಥ ಸಂಗ್ರಹವಿರುತ್ತದೆ. ಕೋಶಗಳು ಉದುರಿದಾಗ ಅದು ಒಡೆದು ಚಿಕ್ಕ ಸಕ್ಕರೆಯಾಗುತ್ತದೆ. ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಜಾಗ ಹುಳಿಯಾಗಿ, ಪಿಎಚ್ 4.5ಕ್ಕಿಂತ ಕೆಳಗಿರುತ್ತದೆ. ಆ ಹುಳಿಯಲ್ಲಿ ಗುದದ್ವಾರದ ಕಡೆಯಿಂದ ಹರಿದು ಬರುವ ಇ. ಕೋಲಿ ಬೇರೂರುವುದು ಕಷ್ಟ. ಈ ಕಡ್ಡಿಯಾಕಾರದ ಬ್ಯಾಕ್ಟೀರಿಯಾವನ್ನು ಜರ್ಮನಿಯ ಡೋಡರ್ಲೈನ್ 1892ರಲ್ಲೇ ವಿವರಿಸಿದ್ದ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿಯುತ್ತದೆ, ಗೋಡೆ ತೆಳುವಾಗುತ್ತದೆ, ಗ್ಲೈಕೊಜೆನ್ ಕಡಿಮೆಯಾಗುತ್ತದೆ. ಬ್ಯಾಕ್ಟೀರಿಯಾಕ್ಕೆ ಊಟವಿಲ್ಲ, ಹುಳಿ ಹೋಗುತ್ತದೆ, ಇ. ಕೋಲಿಗೆ ಬಾಗಿಲು ತೆರೆದಂತೆ. ಅಲ್ಲಿಂದ ಮೂತ್ರನಾಳ ಒಂದು ಹೆಜ್ಜೆ.

ಕಾಕು ಅರ್ಧದಲ್ಲೇ ತಡೆದರು. “ಅಂದ್ರ ನಾ ಎಂಟು ತಿಂಗಳು ನೀರಿಗೆ ಹೆಪ್ಪ ಹಾಕೀನಿ ಅನ್ರಿ. ಹಾಲ ಇಲ್ಲಂದ್ರ ಮೊಸರ ಎಲ್ಲಿಂದ ಆಗಬೇಕು?”

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಅಂದಿನಿಂದ ಉಳಿದ ರೋಗಿಗಳಿಗೂ ಇದೇ ಮಾತು ಹೇಳುತ್ತಿದ್ದೇನೆ. ಮನೆಯ ಮೊಸರಿನ ಬ್ಯಾಕ್ಟೀರಿಯಾದ ವಿಷಯದಲ್ಲಂತೂ ಅದು ಅಕ್ಷರಶಃ ನಿಜ. ಅವು ಹಾಲಿನ ಸಕ್ಕರೆಯ ಮೇಲೆ ಬದುಕಲು ಪಳಗಿದವು, ಯೋನಿಯಲ್ಲಿ ಮನೆ ಮಾಡುವ ಲ್ಯಾಕ್ಟೊಬ್ಯಾಸಿಲಸ್ ಕ್ರಿಸ್ಪೇಟಸ್, ಜೆನ್ಸೆನಿ, ಗ್ಯಾಸೆರಿ ಪ್ರಭೇದಗಳೇ ಬೇರೆ. ಮೊಸರನ್ನು ಅನ್ನಕ್ಕೆ ಹಾಕಿಕೊಂಡು ಉಣ್ಣಿ, ಅಷ್ಟು ಸಾಕು ಎಂದೆ.

ಟ್ಯೂಬು ಮತ್ತು ಚೀಟಿ

ಯೋನಿಯೊಳಗೆ ಹಚ್ಚುವ ಎಸ್ಟ್ರಿಯೋಲ್ ಕ್ರೀಮ್ ಬರೆದೆ, ಅದೂ ಒಂದು ಬಗೆಯ ಈಸ್ಟ್ರೊಜೆನ್. ಅರ್ಧ ಗ್ರಾಂ, ಅಂದರೆ ಬಟಾಣಿ ಕಾಳಿನಷ್ಟು, ಅದರಲ್ಲಿ 0.5 ಮಿ.ಗ್ರಾಂ ಔಷಧಿ. ಎರಡು ವಾರ ದಿನವೂ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಕ್ರಿಮಿನಾಶಕ ದ್ರವ ಆ ದಿನದಿಂದಲೇ ಬಂದ್, ಬರಿ ನೀರು. ಹೊರಗೆ ಎಳೆತವಿದ್ದರೆ ಕೊಬ್ಬರಿ ಎಣ್ಣೆ. ಕರುಳಿನ ಪ್ರೊಬಯಾಟಿಕ್ ಬೇಡ.

ಮೂರನೆಯ ದಿನ ಫೋನು. ಪೊಟ್ಟಣದೊಳಗಿನ ಚೀಟಿಯನ್ನು ಮಗ ಓದಿ ಹೇಳಿದ್ದ: ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು. ಕಾಕುವಿನ ಅಕ್ಕ ಹುಬ್ಬಳ್ಳಿಯಲ್ಲಿ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ತೆಗೆದುಕೊಂಡವರು. ಟ್ಯೂಬಿನ ಮುಚ್ಚಳ ತೆಗೆದಿರಲೇ ಇಲ್ಲ.

ಈ ಭಯದ ಬೇರು 2002ರಲ್ಲಿದೆ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದಲ್ಲಿ ಈಸ್ಟ್ರೊಜೆನ್ ಜೊತೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನಿನ ಮಾತ್ರೆ ನುಂಗಿದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿದ್ದು ಕಂಡು ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಅವರ ಸರಾಸರಿ ವಯಸ್ಸೂ 63, ಕಾಕುವಿನಷ್ಟೇ. ಆದರೆ ಅದು ನುಂಗಿ ಇಡೀ ಮೈಗೆ ಹೋಗುವ ಔಷಧಿ. ಒಳಗೆ ಹಚ್ಚುವ ಕಡಿಮೆ ಪ್ರಮಾಣದ ಕ್ರೀಮಿನಿಂದ ರಕ್ತಕ್ಕೆ ಸೇರುವುದು ತೀರಾ ಅಲ್ಪ, ಅದೇ ಅಧ್ಯಯನದವರು ಮುಂದೆ ಹಲವು ವರ್ಷ ಗಮನಿಸಿದ ಹೆಂಗಸರಲ್ಲಿ ಯೋನಿಯ ಈಸ್ಟ್ರೊಜೆನ್ ಬಳಸಿದವರಿಗೆ ಅಂಥ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಚೀಟಿಗಳಲ್ಲಿ ಮಾತ್ರ ನುಂಗುವ ಮಾತ್ರೆಯ ಎಚ್ಚರಿಕೆಗಳೇ ನಕಲಾಗಿ ಬಂದಿವೆ. ಅಕ್ಕನಿಗೆ ಇದ್ದರೆ ತಂಗಿಗೆ ಈ ಕ್ರೀಮ್ ಬೇಡ ಎಂದಿಲ್ಲ. ಸ್ವತಃ ಕ್ಯಾನ್ಸರ್ ಆದವರಾದರೆ ಅವರ ಕ್ಯಾನ್ಸರ್ ಡಾಕ್ಟರರನ್ನು ಕೇಳಿಯೇ ಮುಂದುವರಿಯಬೇಕು. ಇಷ್ಟನ್ನು ಫೋನಿನಲ್ಲಿ ಹೇಳಲು ಇಪ್ಪತ್ತು ನಿಮಿಷ ಹಿಡಿಯಿತು. ಅಂದು ರಾತ್ರಿ ಶುರು ಮಾಡಿದರು. ವಾರಕ್ಕೆ ಎರಡಾದ ಮೇಲೆ ದಿನಗಳನ್ನು ಅವರೇ ಆರಿಸಿಕೊಂಡರು: ರವಿವಾರ, ಬುಧವಾರ. ಸೋಮವಾರ, ಗುರುವಾರ, ಶನಿವಾರ ದೇವರ ದಿನ.

ಆರನೆಯ ವಾರ ಮಗಳು ಪುಣೆಯಿಂದ ಬಂದಳು, ಹೊಸ ಮಾತ್ರೆ ಹಿಡಿದು. ಈ ಸಲ ಸರಿಯಾದದ್ದನ್ನೇ ಹುಡುಕಿದ್ದಳು. ಜಿಆರ್-1, ಆರ್‌ಸಿ-14 ಎಂಬ ತಳಿಗಳು, ಕೆನಡಾದ ಸಂಶೋಧಕರು ಹೆಂಗಸರ ಮೂತ್ರನಾಳ ಮತ್ತು ಯೋನಿಯಿಂದಲೇ ಬೇರ್ಪಡಿಸಿದವು. 2020ರಲ್ಲಿ ವಿಜ್ಞಾನಿಗಳು ಲ್ಯಾಕ್ಟೊಬ್ಯಾಸಿಲಸ್ ಕುಲವನ್ನೇ 25 ಪಾಲು ಮಾಡಿದ್ದರಿಂದ ಡಬ್ಬಿಯ ಮೇಲೆ ಲ್ಯಾಕ್ಟಿಕೇಸಿಬ್ಯಾಸಿಲಸ್, ಲಿಮೋಸಿಲ್ಯಾಕ್ಟೊಬ್ಯಾಸಿಲಸ್ ಎಂಬ ನಾಲಿಗೆ ಹೊರಳದ ಹೆಸರುಗಳು. ನನಗೆ ತಿಳಿಸದೆ ಶುರುವಾಗಿತ್ತು. ತಿಳಿದ ಮೇಲೂ ನಾನು ಬಿಡಿಸಲಿಲ್ಲ. ಹಾನಿಯಿಲ್ಲ, ಮಗಳ ಪ್ರೀತಿ ಎಂದುಕೊಂಡೆ. ವೈದ್ಯೆಯಾಗಿ ಅದು ತಪ್ಪು ಲೆಕ್ಕ. ಎರಡು ಔಷಧಿ ಒಟ್ಟಿಗೆ ನಡೆದರೆ ಯಾವುದು ಕೆಲಸ ಮಾಡಿತೆಂದು ಯಾರು ಹೇಳಬೇಕು?

ಸೆಪ್ಟೆಂಬರಿಗೆ ಉರಿ ಹೋಗಿತ್ತು, ತುರಿಕೆ ಇರಲಿಲ್ಲ, ಪಿಎಚ್ 5. ಸ್ಮಿಯರ್ ತೆಗೆದೆವು, ಸಹಜ ಎಂದು ಬಂತು. ಭಜನೆಗೆ ಮರಳಿದ್ದರು. ಮಗಳು ಫೋನಿನಲ್ಲಿ, “ನೋಡಿದ್ರಾ ಡಾಕ್ಟರ್, ಸರಿಯಾದ ಸ್ಟ್ರೈನ್ ಸಿಕ್ಕರೆ ಪ್ರೊಬಯಾಟಿಕ್ ಕೆಲಸ ಮಾಡುತ್ತೆ” ಎಂದಳು. ನಾನು ಕ್ರೀಮ್ ಎಂದೆ. ಇಬ್ಬರ ಬಳಿಯೂ ಪುರಾವೆ ಇರಲಿಲ್ಲ.

ಸಂಶೋಧನೆ ಏನು ಹೇಳುತ್ತದೆ

ಮಗಳ ಮಾತನ್ನು ತಳ್ಳಿಹಾಕುವ ಮೊದಲು ಓದಿದ್ದನ್ನು ಮತ್ತೆ ತೆಗೆದು ನೋಡಿದೆ. ಇದೇ ಎರಡು ತಳಿಗಳನ್ನು ಮುಟ್ಟು ನಿಂತ, ಪದೇ ಪದೇ ಮೂತ್ರದ ಸೋಂಕಾಗುವ 252 ಹೆಂಗಸರಲ್ಲಿ ನೆದರ್ಲೆಂಡ್ಸ್‌ನವರು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ್ದಾರೆ. ಒಂದು ಗುಂಪಿಗೆ ವರ್ಷವಿಡೀ ಆ್ಯಂಟಿಬಯಾಟಿಕ್, ಇನ್ನೊಂದಕ್ಕೆ ಪ್ರೊಬಯಾಟಿಕ್. ವರ್ಷದಲ್ಲಿ ಸರಾಸರಿ 2.9 ಸೋಂಕು ಆ್ಯಂಟಿಬಯಾಟಿಕ್ ಗುಂಪಿನಲ್ಲಿ, 3.3 ಪ್ರೊಬಯಾಟಿಕ್ ಗುಂಪಿನಲ್ಲಿ. ಪ್ರೊಬಯಾಟಿಕ್ ಆ್ಯಂಟಿಬಯಾಟಿಕ್‌ಗೆ ಸಮ ಎಂದು ಸಾಧಿಸಲಾಗಲಿಲ್ಲ. ಆದರೆ ಆ್ಯಂಟಿಬಯಾಟಿಕ್ ಗುಂಪಿನಲ್ಲಿ ಒಂದೇ ತಿಂಗಳಲ್ಲಿ ಇ. ಕೋಲಿಯ ಔಷಧ ನಿರೋಧ ಸುಮಾರು 20–40 ಪ್ರತಿಶತದಿಂದ 80–95ಕ್ಕೆ ಏರಿತು, ಪ್ರೊಬಯಾಟಿಕ್ ಗುಂಪಿನಲ್ಲಿ ಹಾಗಾಗಲಿಲ್ಲ. ಏನೂ ಕೊಡದ ಮೂರನೆಯ ಗುಂಪು ಆ ಅಧ್ಯಯನದಲ್ಲಿ ಇರಲಿಲ್ಲ ಎಂಬುದೇ ನನಗೆ ಚುಚ್ಚುವ ಮುಳ್ಳು.

ಯೋನಿಯೊಳಗೇ ಇಡುವ ಕ್ರಿಸ್ಪೇಟಸ್ ಬ್ಯಾಕ್ಟೀರಿಯಾದ ಅಮೆರಿಕದ ಪರೀಕ್ಷೆ 2020ರದು. ಅದರಲ್ಲಿ 12 ವಾರದೊಳಗೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಮರುಕಳಿಸಿದ್ದು ಹುಸಿ ಔಷಧಿ ಪಡೆದ 45 ಪ್ರತಿಶತ, ಕ್ರಿಸ್ಪೇಟಸ್ ಪಡೆದ 30 ಪ್ರತಿಶತ ಹೆಂಗಸರಲ್ಲಿ. ಫಲಿತಾಂಶ ಚೆನ್ನಾಗಿದೆ, ಆದರೆ ಅವರೆಲ್ಲ 18ರಿಂದ 45 ವಯಸ್ಸಿನವರು. ಹಾಲು ಇದ್ದ ಪಾತ್ರೆಗೆ ಹೆಪ್ಪು ಹಾಕಿದ ಕಥೆ ಅದು. ಕಾಕುವಿಗೆ ಹಾಗೇ ಅನ್ವಯಿಸಲಾಗದು. ಯೂರೋಪಿನಲ್ಲಿ ಲ್ಯಾಕ್ಟೊಬ್ಯಾಸಿಲಸ್ ಜೊತೆಗೆ 0.03 ಮಿ.ಗ್ರಾಂ ಎಸ್ಟ್ರಿಯೋಲ್ ಸೇರಿಸಿದ ಯೋನಿ ಮಾತ್ರೆಯೇ ಸಿಗುತ್ತದೆ. ತಯಾರಿಸಿದವರಿಗೂ ಬರಿ ಹೆಪ್ಪು ಸಾಲದೆನ್ನಿಸಿರಬೇಕು.

ಎಸ್ಟ್ರಿಯೋಲ್ ಕಡೆಯ ಪುರಾವೆ ಹಳೆಯದು, ಗಟ್ಟಿಯದು. 1993ರಲ್ಲಿ ಇಸ್ರೇಲಿನ ರಾಜ್ ಮತ್ತು ಅಮೆರಿಕದ ಸ್ಟಾಮ್ 93 ಹೆಂಗಸರಲ್ಲಿ, ನಾನು ಬರೆದ ಪ್ರಮಾಣದಲ್ಲೇ, ಎಂಟು ತಿಂಗಳು ನೋಡಿದರು. ವರ್ಷಕ್ಕೆ ಸೋಂಕು 5.9 ಔಷಧಿಯಿಲ್ಲದ ಕ್ರೀಮ್ ಹಚ್ಚಿದವರ ಕಡೆ, 0.5 ಎಸ್ಟ್ರಿಯೋಲ್ ಹಚ್ಚಿದವರ ಕಡೆ. ಶುರುವಿನಲ್ಲಿ ಯಾರಲ್ಲೂ ಇಲ್ಲದ ಲ್ಯಾಕ್ಟೊಬ್ಯಾಸಿಲಸ್ ಒಂದು ತಿಂಗಳಲ್ಲಿ ಎಸ್ಟ್ರಿಯೋಲ್ ಗುಂಪಿನ 61 ಪ್ರತಿಶತ ಹೆಂಗಸರಲ್ಲಿ ತಾನಾಗಿ ಮರಳಿತು, ಪಿಎಚ್ 5.5ರಿಂದ 3.6ಕ್ಕೆ ಇಳಿಯಿತು. ಯಾರೂ ಹೊರಗಿನಿಂದ ಬ್ಯಾಕ್ಟೀರಿಯಾ ಕೊಟ್ಟಿರಲಿಲ್ಲ. ಹಾಲು ಬಂದರೆ ಪಾತ್ರೆಯ ಅಂಚಿಗೆ ಉಳಿದ ಹೆಪ್ಪೇ ಸಾಕು ಅನ್ನುವ ಹಾಗೆ.

ನನ್ನ ಪಕ್ಷಕ್ಕೆ ಒಗ್ಗದ ಅಧ್ಯಯನವೂ ಇದೆ. 2018ರಲ್ಲಿ 302 ಹೆಂಗಸರಿಗೆ 12 ವಾರ ಯೋನಿಯೊಳಗಿಡುವ ಈಸ್ಟ್ರೊಜೆನ್ ಮಾತ್ರೆ, ಯೋನಿಯ ಮಾಯಿಶ್ಚರೈಸರ್, ಔಷಧಿಯಿಲ್ಲದ ಜೆಲ್ ಹಂಚಿ ನೋಡಿದಾಗ ಉರಿ, ಒಣಗು, ನೋವು ಮೂರು ಕಡೆಯೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇಳಿಯಿತು. ಹಾಗಾಗಿ ಬರಿ ಒಣಗು ಎಂದು ಬಂದವರಿಗೆ ನಾನೀಗ ಮೊದಲು ಜೆಲ್ ಹೇಳುತ್ತೇನೆ. ಮೂತ್ರದ ಸೋಂಕು ಪದೇ ಪದೇ ಬರುವವರ ಮಾತು ಬೇರೆ.

ಊರಿಗೆ ಹೋಗಿ ಬಂದ ಮೇಲೆ

ದಸರೆಗೆ ಕಾಕು ಊರಿಗೆ ಹೋದರು. ದೀಪಾವಳಿ, ತುಳಸಿ ಲಗ್ನ, ಆಮೇಲೆ ಸಂಬಂಧಿಕರ ಮದುವೆ ಎಂದು ಹತ್ತು ವಾರ ಅಲ್ಲೇ ಉಳಿದರು. ಕಲ್ಯಾಣದಲ್ಲಿ ಗಾಡಿ ಹತ್ತುವಾಗ ಮಗಳ ಮಾತ್ರೆಯ ಡಬ್ಬಿ ಚೀಲದಲ್ಲಿತ್ತು, ಟ್ಯೂಬು ಡೊಂಬಿವಲಿಯ ಫ್ರಿಜ್ಜಿನ ಬಾಗಿಲಲ್ಲೇ ಉಳಿಯಿತು. ಊರ ಔಷಧಿ ಅಂಗಡಿಯಲ್ಲಿ ಕೇಳಬಹುದಿತ್ತು. “ಅಂಗಡ್ಯಾಂವ ನಮ್ಮ ತಮ್ಮನ ಜೋಡಿ ಸಾಲಿ ಕಲತಾಂವ್ರಿ. ಅಂವಗ ಹೆಂಗ ಕೇಳ್ಲಿ?”

ಡಿಸೆಂಬರಿನಲ್ಲಿ ಮತ್ತೆ ನನ್ನ ಎದುರು ಕೂತರು. ಐದನೆಯ ವಾರದಿಂದ ಎಳೆತ, ಏಳನೆಯ ವಾರ ಉರಿ, ಒಂಬತ್ತನೆಯದರಲ್ಲಿ ಜ್ವರ ಬಂದು ಹುಬ್ಬಳ್ಳಿಯಲ್ಲಿ ಕಲ್ಚರ್ ಮಾಡಿಸಿ ಔಷಧಿ ತೆಗೆದುಕೊಂಡಿದ್ದರು, ಮತ್ತೆ ಇ. ಕೋಲಿ. ಪ್ರೊಬಯಾಟಿಕ್ ಒಂದು ದಿನವೂ ತಪ್ಪಿರಲಿಲ್ಲ, ಈ ಸಲ ಫ್ರಿಜ್ಜಿನಲ್ಲೇ ಇಟ್ಟಿದ್ದರು. ಪಟ್ಟಿ ತಾಗಿಸಿದೆ. ಕಾಕುಗೆ ಬಣ್ಣ ಓದಲು ಈಗ ನಾನು ಬೇಕಿರಲಿಲ್ಲ. “ಹಸರ” ಎಂದರು. ಪಿಎಚ್ 6.

ಜೂನ್‌ನಲ್ಲಿ ಎರಡು ಔಷಧಿ ಒಟ್ಟಿಗೆ ಶುರುವಾದಾಗ ನಾನು ಮಾಡದ ಪರೀಕ್ಷೆಯನ್ನು ಹೀಗೆ ಊರಿನ ಸಂಕೋಚ ಮಾಡಿಕೊಟ್ಟಿತು. ಕ್ರೀಮ್ ನಿಂತಿತು, ಪ್ರೊಬಯಾಟಿಕ್ ನಡೆಯಿತು, ತೊಂದರೆ ಮರಳಿತು. ಇನ್ನರ್ಧ ಈಗ ನೋಡಬೇಕಿತ್ತು. ಮಗಳಿಗೆ ಫೋನ್ ಮಾಡಿ ಒಪ್ಪಿಸಿದೆ: ಮಾರ್ಚ್‌ವರೆಗೆ ಕ್ರೀಮ್ ಮಾತ್ರ, ಮಾತ್ರೆ ಬೇಡ. ಅವಳು ಒಪ್ಪಿದಳು, ಆದರೆ “ಒಬ್ಬರ ಮೇಲೆ ನೋಡಿದ್ದು ಪ್ರೂಫ್ ಆಗಲ್ಲ ಡಾಕ್ಟರ್” ಎಂದಳು. ನಿಜ. ಪ್ರಯಾಣ, ಮದುವೆ ಊಟ, ಬದಲಾದ ನೀರು, ಏರಿದ ಸಕ್ಕರೆ, ಎಲ್ಲವೂ ಆ ಹತ್ತು ವಾರದಲ್ಲಿದ್ದವು.

ಮಾರ್ಚ್‌ನಲ್ಲಿ ಪಟ್ಟಿ ಹಳದಿಯಾಗಿಯೇ ಉಳಿಯಿತು, 4.5. ಗೋಡೆಯಲ್ಲಿ ನವಿರು ಮಡಿಕೆಗಳು ಮರಳಿದ್ದವು. ಸೂಕ್ಷ್ಮದರ್ಶಕದಲ್ಲಿ ಚಪ್ಪಟೆಯ ಬಲಿತ ಕೋಶಗಳು, ಅವುಗಳ ನಡುವೆ ಉದ್ದ ಕಡ್ಡಿಗಳು. ಕಾಕುವನ್ನು ಕರೆದು ತೋರಿಸಿದೆ. ಕನ್ನಡಕ ಮೇಲೆ ಸರಿಸಿ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. “ಇವು ಎಲ್ಲಿಂದ ಬಂದ್ವು? ನಾ ಏನೂ ನುಂಗಿಲ್ಲಲಾ.”

ಗಂಡನ ಜೊತೆಗಿನ ಸಂಬಂಧದ ಬಗ್ಗೆ ಮೊದಲ ದಿನವೇ ಕೇಳಿದ್ದೆ, “ಈ ವಯಸ್ಸಿನಾಗ ಅದೇನ್ರಿ” ಎಂದು ತಳ್ಳಿಹಾಕಿದ್ದರು. ಮಾರ್ಚ್‌ನಲ್ಲಿ ತಾವಾಗಿ, ಕ್ರೀಮ್ ಹಚ್ಚಿದ ರಾತ್ರಿ ಯಜಮಾನರಿಗೆ ಏನಾದರೂ ತೊಂದರೆಯೇ ಎಂದು ಕೇಳಿದರು. ಹಚ್ಚುವ ಹೊತ್ತಿಗೆ ಬೇಡ, ಬೇರೆ ದಿನ ಆಗಬಹುದು ಎಂದೆ. ಇಬ್ಬರೂ ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಮೊದಲ ಭೇಟಿಯಿಂದ ಈಚೆಗೆ ವರ್ಷ ತುಂಬಿದೆ. ಕಲ್ಚರಿನಲ್ಲಿ ಖಚಿತವಾದ ಸೋಂಕು ಒಂದೇ, ಊರಿನದು. ಎಚ್‌ಬಿಎ1ಸಿ 7.4. ಡಾಪಾಗ್ಲಿಫ್ಲೋಜಿನ್ ಈಗ ಶುರುವಾಗಿದೆ, ತುರಿಕೆ ಬಂದರೆ ಅಂದೇ ಬರಲು ಹೇಳಿದ್ದೇನೆ. ಕ್ರೀಮ್ ರವಿವಾರ, ಬುಧವಾರ. ಎಲ್ಲಿವರೆಗೆ ಎಂದು ಕೇಳಿದರು. ನಿಲ್ಲಿಸಿದರೆ ಏನಾಗುತ್ತದೆಂದು ನೀವೇ ನೋಡಿದ್ದೀರಿ, ಬೇಕೆನಿಸುವಷ್ಟು ದಿನ ಹಚ್ಚಿ, ವರ್ಷಕ್ಕೊಮ್ಮೆ ತೋರಿಸಿ, ರಕ್ತ ಕಂಡರೆ ಅದೇ ದಿನ ಬನ್ನಿ ಎಂದೆ. ಈ ವರ್ಷ ದಸರೆಗೆ ಊರಿಗೆ ಹೊರಡುವಾಗ ಎರಡು ಟ್ಯೂಬು ಬರೆಸಿಕೊಂಡರು. ಒಂದು ತಮಗೆ. ಇನ್ನೊಂದು ಯಾರಿಗೆ ಎಂದರೆ, ನಾದಿನಿಗೂ ಪಿತ್ತ ಬಹಳ ಆಗಿದೆಯಂತೆ, ಖಾರ ಬಿಟ್ಟು ಆರು ತಿಂಗಳಾಯಿತಂತೆ. ನೋಡದೆ ಬರೆಯುವುದಿಲ್ಲ, ಅವರನ್ನೇ ಕರೆದುಕೊಂಡು ಬನ್ನಿ ಎಂದು ಎರಡನೆಯದನ್ನು ಹೊಡೆದುಹಾಕಿದೆ.